ಸಣ್ಣ ಪಿನಿಯನ್, ತಣ್ಣನೆ ಮೋಟಾರ್

ಹೋದ ಏಪ್ರಿಲ್‌ನ ಒಂದು ಭಾನುವಾರ. ಸಕ್ರೆಬೈಲು ದಾಟಿ ತೀರ್ಥಹಳ್ಳಿ ರಸ್ತೆಯಲ್ಲಿ ಸ್ವಲ್ಪ ಮುಂದೆ, ತುಂಗೆಯ ಹಿನ್ನೀರು ಇಳಿದು ಬಯಲಾಗಿದ್ದ ದಡ. (ಆನೆ ಬಿಡಾರದ ಹತ್ತಿರ ಅಲ್ಲ ಮತ್ತೆ! ಅಲ್ಲಿ ಇಂಥ ಸದ್ದು ಮಾಡೋದು ತಪ್ಪು.) ಕಾರು ರೂಮ್‌ಮೇಟ್‌ನದು, ರಿಮೋಟ್ ನನ್ನ ಕೈಯಲ್ಲಿ. ಸ್ಪೀಡ್ ಜಾಸ್ತಿಯಾಗಲಿ ಅಂತ ಹಿಂದಿನ ರಾತ್ರಿ ನಾನೇ 17 ಹಲ್ಲಿನ ಪಿನಿಯನ್ ತೆಗೆದು 23 ಹಲ್ಲಿನದು ಹಾಕಿದ್ದೆ. ಡಾಂಬರು ರಸ್ತೆಯಲ್ಲಿ ಕಾರು ಬಾಣದ ಹಾಗೆ ಹೋಗಿತ್ತು. ಇಲ್ಲಿ ಹುಲ್ಲು, ಮರಳು, ಅರೆ ಒಣಗಿದ ಕೆಸರು. ನಾಲ್ಕೇ ನಿಮಿಷ.

"ಎಂತದೋ ಸುಟ್ಟ ವಾಸನೆ ಮಾರಾಯ" ಅಂದ ಅವನು. ಮೋಟಾರಿಗೆ ಬೆರಳಿಟ್ಟವನು ಥಟ್ಟನೆ ಕೈ ಎಳ್ಕೊಂಡೆ. ವೈಂಡಿಂಗ್ ಹೋಗಿತ್ತು. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಅವನು ತಗೊಂಡಿದ್ದ ಮೋಟಾರ್ ಅದು. ಅವನು ಬೈಯಲಿಲ್ಲ, ಅದೇ ಕಷ್ಟ ಆಯ್ತು.

ಈ ಪಾಠ ನಿಮಗೆ ಪುಕ್ಕಟೆಯಾಗಿ ಸಿಗಲಿ ಅಂತ ಈ ಲೇಖನ.

ಬಿಸಿ ಎಲ್ಲಿಂದ ಬರುತ್ತೆ?

ಮೋಟಾರಿನಿಂದ ಹೆಚ್ಚು ಟಾರ್ಕ್ ಕೇಳಿದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಟಾರ್ಕ್ ದುಪ್ಪಟ್ಟಾದರೆ ಕರೆಂಟ್ ಹೆಚ್ಚುಕಡಿಮೆ ದುಪ್ಪಟ್ಟು. ಆದರೆ ವೈಂಡಿಂಗ್‌ನ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ನಾಲ್ಕು ಪಟ್ಟಾಗುತ್ತದೆ. ಇಷ್ಟಕ್ಕೇ ಮುಗಿಯಲ್ಲ. ತಾಮ್ರ 30 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಅದರ ರೋಧ ಸುಮಾರು ಶೇ. 19ರಷ್ಟು ಏರುತ್ತದೆ, ಅಂದರೆ ಅದೇ ಕರೆಂಟಿಗೆ ಇನ್ನಷ್ಟು ಶಾಖ. ಮ್ಯಾಗ್ನೆಟ್ ಅತಿಯಾಗಿ ಕಾದರೆ ದುರ್ಬಲವಾಗುತ್ತದೆ. ಆಗ ಅದೇ ಟಾರ್ಕ್‌ಗೆ ಮತ್ತೂ ಹೆಚ್ಚು ಕರೆಂಟ್ ಬೇಕು. ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತಾ ಹೋಗುತ್ತದೆ.

ಗೇರಿನ ಲೆಕ್ಕ

ಆಗುಂಬೆ ಘಾಟಿ ಹತ್ತುವ ಬಸ್ಸನ್ನು ನೆನಪಿಸಿಕೊಳ್ಳಿ. ಯಾವ ಡ್ರೈವರ್ರೂ ಟಾಪ್ ಗೇರಲ್ಲಿ ಹತ್ತಿಸಲ್ಲ. ನಮ್ಮ ಕಾರಿಗೆ ಸಾಮಾನ್ಯವಾಗಿ ಇರೋದು ಒಂದೇ ಗೇರ್, ಹಾಗಾಗಿ ಹೊರಡುವ ಮೊದಲೇ ತೀರ್ಮಾನಿಸಬೇಕು. ಮೋಟಾರಿನ ಶಾಫ್ಟಿಗೆ ಕೂರುವ ಚಿಕ್ಕ ಗೇರ್ ಪಿನಿಯನ್. ಅದು ತಿರುಗಿಸುವ ದೊಡ್ಡ ಗೇರ್ ಸ್ಪರ್.

ಒಟ್ಟು ಅನುಪಾತ = (ಸ್ಪರ್ ಹಲ್ಲು ÷ ಪಿನಿಯನ್ ಹಲ್ಲು) × ಕಾರಿನ ಒಳಗಿನ ಅನುಪಾತ

ಸ್ಪರ್ 87, ಒಳಗಿನ ಅನುಪಾತ 2.6, ಟೈರಿನ ವ್ಯಾಸ 100 ಮಿ.ಮೀ., ಮೋಟಾರ್ 3300 ಕೆವಿ, ಬ್ಯಾಟರಿ 7.4 ವೋಲ್ಟ್ ಅಂತ ಇಟ್ಕೊಳ್ಳಿ. ಲೋಡ್ ಇಲ್ಲದಾಗ ಮೋಟಾರಿನ ವೇಗ 3300 × 7.4 = 24,420 ಆರ್‌ಪಿಎಂ.

- ಪಿನಿಯನ್ 23: ಅನುಪಾತ 9.83, ಕಾಗದದ ಮೇಲಿನ ವೇಗ ಗಂಟೆಗೆ ಸುಮಾರು 47 ಕಿ.ಮೀ.
- ಪಿನಿಯನ್ 17: ಅನುಪಾತ 13.3, ವೇಗ ಸುಮಾರು 35 ಕಿ.ಮೀ.

ಚಕ್ರಕ್ಕೆ ಅಷ್ಟೇ ತಳ್ಳುಬಲ ಬೇಕಿದ್ದರೆ, 17ರ ಪಿನಿಯನ್‌ನಲ್ಲಿ ಮೋಟಾರ್ ಕೊಡಬೇಕಾದ ಟಾರ್ಕ್ 17/23, ಅಂದರೆ 0.74 ಪಟ್ಟು. ಅದರ ವರ್ಗ 0.55. ವೇಗದಲ್ಲಿ ಕಾಲು ಭಾಗ ಬಿಟ್ಟುಕೊಟ್ಟರೆ ವೈಂಡಿಂಗ್‌ನ ಶಾಖ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ನಾನು ಆ ರಾತ್ರಿ ಮಾಡಿದ್ದು ಇದರ ಉಲ್ಟಾ.

ದೊಡ್ಡ ಟೈರ್ ಹಾಕಿದರೂ ಇದೇ ಕಥೆ. ವ್ಯಾಸ 100ರಿಂದ 115 ಮಿ.ಮೀ. ಆದರೆ ಟಾರ್ಕ್ ಶೇ. 15 ಹೆಚ್ಚು ಬೇಕು, ಶಾಖ ಸುಮಾರು ಶೇ. 32 ಹೆಚ್ಚು. ಸರಿದೂಗಿಸಲು 20 ಹಲ್ಲಿನ ಪಿನಿಯನ್ ಇದ್ದಲ್ಲಿ 17ಕ್ಕೆ ಇಳಿಯಿರಿ.

ಆರಿಸೋದು ಹೇಗೆ?

1. ಕಾರಿನ ಕೈಪಿಡಿಯಲ್ಲಿ ಕೊಟ್ಟಿರುವ ಪಿನಿಯನ್‌ಗಳಲ್ಲಿ ಚಿಕ್ಕದರಿಂದ ಶುರು ಮಾಡಿ. ಹಲ್ಲಿನ ಪಿಚ್ ಸ್ಪರ್‌ಗೆ ಹೊಂದಲೇಬೇಕು.
2. ಪಿನಿಯನ್ ಮತ್ತು ಸ್ಪರ್ ನಡುವೆ ಒಂದು ಕಾಗದದ ಪಟ್ಟಿ ಇಟ್ಟು ಮೋಟಾರಿನ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕಾಗದ ಎಳೆದುಬಿಡಿ. ಗೇರ್ ತೀರಾ ಬಿಗಿಯಾಗಿ ಕೂತರೂ ಮೋಟಾರ್ ಕಾಯುತ್ತದೆ.
3. ನಿಜವಾಗಿ ಓಡಿಸುವ ನೆಲದಲ್ಲೇ ಎರಡು ಮೂರು ನಿಮಿಷ ಓಡಿಸಿ, ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ಮೋಟಾರಿನ ಹೊರಮೈ ನೋಡಿ. ಒಳಗಿನ ವೈಂಡಿಂಗ್ ಇದಕ್ಕಿಂತ ಬಿಸಿ ಇರುತ್ತದೆ ಅನ್ನೋದು ನೆನಪಿರಲಿ.
4. 70 ಡಿಗ್ರಿಗಿಂತ ಸಾಕಷ್ಟು ಕೆಳಗಿದ್ದರೆ ಒಂದು ಹಲ್ಲು ಏರಿಸಿ, ಮತ್ತೆ ಅಳೆಯಿರಿ. 80 ಹತ್ತಿರ ಬಂದರೆ ನಿಲ್ಲಿಸಿ, ತಣಿಯಲು ಬಿಡಿ, ಒಂದೆರಡು ಹಲ್ಲು ಇಳಿಸಿ.

ಹಾಗಂತ ತೀರಾ ಚಿಕ್ಕ ಪಿನಿಯನ್ನೂ ಬೇಡ. ಮೋಟಾರ್ ಸದಾ ಗರಿಷ್ಠ ಆರ್‌ಪಿಎಂನಲ್ಲಿ ಕಿರುಚುತ್ತಿದ್ದರೆ ಕಬ್ಬಿಣದ ಕೋರ್‌ನಲ್ಲಿನ ನಷ್ಟ ಮತ್ತು ಬೇರಿಂಗ್ ಘರ್ಷಣೆಯಿಂದ ಬಿಸಿಯಾಗುತ್ತದೆ, ಕಾರೂ ಓಡಲ್ಲ. ಇನ್ನು ಫ್ಯಾನ್, ಹೀಟ್‌ಸಿಂಕ್ ಹಾಕಿ, ಬೇಡ ಅನ್ನಲ್ಲ. ಆದರೆ ಅವು ಹುಟ್ಟಿದ ಶಾಖವನ್ನು ಹೊರಗೆ ಸಾಗಿಸುತ್ತವೆ ಅಷ್ಟೆ. ಶಾಖ ಹುಟ್ಟದಂತೆ ನೋಡಿಕೊಳ್ಳೋದು ಗೇರಿನ ಕೆಲಸ.

ಹೊಸ ಮೋಟಾರಿನ ದುಡ್ಡು ನಾನೇ ಕೊಟ್ಟೆ, ಮೂರು ಕಂತಿನಲ್ಲಿ. ಮಳೆಗಾಲ ಶುರುವಾಗೋ ಮುಂಚೆ ಅದೇ ದಡಕ್ಕೆ ಮತ್ತೆ ಹೋದೆವು, 17ರ ಪಿನಿಯನ್ ಹಾಕ್ಕೊಂಡು. ಎಂಟು ನಿಮಿಷ ಓಡಿದ ಮೇಲೆ 64 ಡಿಗ್ರಿ. ರಿಮೋಟ್ ಮಾತ್ರ ಈ ಸಲ ಅವನ ಕೈಯಲ್ಲಿತ್ತು.