ಹೋಗುವಾಗ ಹಾಸಿಗೆ, ಬರುವಾಗ ಬರೀ ಸೀಟು

ನೆವಾರ್ಕ್‌ನಿಂದ ಲಂಡನ್ನಿಗೆ ರಾತ್ರಿ ಮಲಗಿಕೊಂಡು ಹೋಗಲು ನಾನೂ ನನ್ನ ಹೆಂಡತಿಯೂ ತಲಾ 1,230 ಡಾಲರ್ ಹೆಚ್ಚು ಕೊಟ್ಟೆವು. ಬರುವಾಗಲೂ ಬಿಸಿನೆಸ್ ಕ್ಲಾಸೇ ಬೇಕೆಂದರೆ ತಲೆಗೆ ಇನ್ನೂ 1,350 ಆಗುತ್ತಿತ್ತು. ಅದನ್ನು ಕೊಡಲಿಲ್ಲ. "ಕೊಟ್ಟರೆ ಎರಡೂ ಕಡೆಗೆ ಕೊಡಬೇಕಪ್ಪ, ಇಲ್ಲದಿದ್ದರೆ ಸುಮ್ಮನಿರಬೇಕು. ಇದೇನು ಅರ್ಧಂಬರ್ಧ?" ಎಂದು ಭಾವ ಲಂಡನ್ನಿನಿಂದ ಫೋನಿನಲ್ಲೇ ನಕ್ಕರು. ಅಟ್ಲಾಂಟಿಕ್ ದಾಟುವವರಿಗೆ ಲಾಭವಿರುವುದು ಈ ಅರ್ಧಂಬರ್ಧದಲ್ಲೇ ಎಂಬುದು ನನ್ನ ವಾದ.

ಅಕ್ಕನ ಮಗಳ ಮದುವೆ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೊರಟರೆ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಹೀಥ್ರೂ. ಅಂದೇ ಸಂಜೆ ವರಪೂಜೆ, ಮರುದಿನ ಬೆಳಗ್ಗೆ ಧಾರೆ. ಹುಡುಗಿಯನ್ನು ಮಂಟಪಕ್ಕೆ ಕರೆತರುವ ಸೋದರಮಾವ ತೂಕಡಿಸುವಂತಿಲ್ಲ. ಎಕಾನಮಿಯಲ್ಲಿ ಹೋಗಿ ಬರಲು ಒಬ್ಬರಿಗೆ 720 ಡಾಲರ್. ಹೋಗುವಾಗ ಬಿಸಿನೆಸ್, ಬರುವಾಗ ಎಕಾನಮಿ ಎಂದರೆ 1,950. ಎರಡೂ ಕಡೆ ಬಿಸಿನೆಸ್ ಎಂದರೆ 3,300.

ಈಗ ಲೆಕ್ಕ. ಕೊಳ್ಳುತ್ತಿರುವುದು ಶಾಂಪೇನ್ ಅಲ್ಲ, ನಿದ್ದೆ. ಹಾಗಾಗಿ ಭಾಗಿಸಬೇಕಾದದ್ದು ನಿದ್ದೆಯ ಗಂಟೆಗಳಿಂದ. ವಿಮಾನ ಆಕಾಶದಲ್ಲಿರುವುದು ಹೆಚ್ಚೆಂದರೆ ಆರೂವರೆ ಗಂಟೆ. ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವ ವಿಮಾನ ಬೇಗ ಮುಟ್ಟುತ್ತದೆ. ದುಡ್ಡು ಕೊಟ್ಟು ಮಲಗಿದವನಿಗೆ ಅದೇ ನಷ್ಟ. ಮೇಲೇರಿ ಊಟ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ ಹೋಯಿತು. ಇಳಿಯುವುದಕ್ಕೆ ಒಂದೂಕಾಲು ಗಂಟೆ ಮೊದಲೇ ದೀಪ ಹಾಕಿ ತಿಂಡಿಗೆ ಎಬ್ಬಿಸುತ್ತಾರೆ. ಉಳಿದದ್ದು ಮೂರೂಮುಕ್ಕಾಲು. ನಿದ್ದೆ ಹತ್ತಲು ಕಾಲು ಗಂಟೆ ಕಳೆಯಿರಿ, ಮೂರೂವರೆ. 1,230ನ್ನು ಮೂರೂವರೆಯಿಂದ ಭಾಗಿಸಿದರೆ ಗಂಟೆಗೆ 351 ಡಾಲರ್.

ಊಟ ಬಿಟ್ಟರೆ ಇದೇ ಲೆಕ್ಕ ಬದಲಾಗುತ್ತದೆ. ಲೌಂಜಿನಲ್ಲೇ ಎರಡು ತುತ್ತು ತಿಂದು, ಸೀಟಿಗೆ ಬಂದ ತಕ್ಷಣ ಗಗನಸಖಿಗೆ "ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ" ಎಂದು ಹೇಳಿದರೆ ಒಂದು ಗಂಟೆಯಾದರೂ ಉಳಿಯುತ್ತದೆ. ನಾಲ್ಕೂವರೆ ಗಂಟೆ ನಿದ್ದೆ, ಗಂಟೆಗೆ 273 ಡಾಲರ್. ಅಂದರೆ ಆ ರಾತ್ರಿಯೂಟಕ್ಕೆ ಕುಳಿತವರು ಗಂಟೆಗೆ 78 ಡಾಲರಿನಂತೆ ದಂಡ ತೆರುತ್ತಿದ್ದಾರೆ. ನಮ್ಮ ಜನಕ್ಕೆ ದುಡ್ಡು ಕೊಟ್ಟ ಊಟ ಬಿಡಲು ಕೈ ಬರುವುದಿಲ್ಲ ಎಂದು ಗೊತ್ತು. ನಮ್ಮ ಪಕ್ಕದ ಸಾಲಿನವರೊಬ್ಬರು ಚೀಸ್ ತಟ್ಟೆ ಬರುವವರೆಗೂ ಆಕಳಿಸುತ್ತ ಕಾದಿದ್ದರು.

ಈ ಲೆಕ್ಕವನ್ನು ಸೋಲಿಸುವ ದಾರಿಯೊಂದಿದೆ: ಹಗಲಿನ ವಿಮಾನ. ನ್ಯೂಯಾರ್ಕ್ ಕಡೆಯಿಂದ ಬೆಳಗ್ಗೆ ಎಂಟರ ಸುಮಾರಿಗೆ ಹೊರಟು ರಾತ್ರಿ ಎಂಟಕ್ಕೆ ಲಂಡನ್ ಮುಟ್ಟುವ ವಿಮಾನಗಳಿವೆ. ಎಕಾನಮಿಯಲ್ಲಿ ಕುಳಿತು ಎರಡು ಸಿನಿಮಾ ನೋಡಿ, ಇಳಿದು ಹೋಟೆಲಿನಲ್ಲಿ ಮಲಗುವುದು. ಇಬ್ಬರಿಗೆ ರೂಮು 190 ಡಾಲರ್ ಎಂದಿಟ್ಟುಕೊಳ್ಳಿ, ತಲಾ 95. ಏಳು ಗಂಟೆ ನಿದ್ದೆ, ಗಂಟೆಗೆ 14 ಡಾಲರ್ ಕೂಡ ಆಗುವುದಿಲ್ಲ. ಒಂದು ದಿನದ ರಜೆ ಕೈಯಲ್ಲಿರುವವರು ಬಿಸಿನೆಸ್ ಕ್ಲಾಸಿನ ಬೆಲೆ ನೋಡುವ ಮೊದಲು ಇದನ್ನು ನೋಡಲಿ. ಅಮೆರಿಕದಲ್ಲಿ ರಜೆ ಎಣಿಸಿ ಕೊಡುತ್ತಾರೆ, ನಿಜ; ಆದರೂ ಒಂದು ದಿನದ ಸಂಬಳ ಎಷ್ಟೆಂದು ನೋಡಿ ಅದನ್ನೂ ಕೂಡಿಸಿ, ಹಗಲೇ ಅಗ್ಗವಾಗುವ ಮನೆಗಳು ಬಹಳ. ನನ್ನವಳಿಗೆ ಆ ಶುಕ್ರವಾರ ಆಸ್ಪತ್ರೆಯ ಲ್ಯಾಬಿನಲ್ಲಿ ರಜೆ ಸಿಗುವಂತಿರಲಿಲ್ಲ, ಅವಳ ಪಾಲಿಗೆ ಹಗಲಿನ ವಿಮಾನ ಇರಲೇ ಇಲ್ಲ. "ನೀನು ಮುಂದೆ ಮಲಗು, ನಾನು ಹಿಂದೆ ಕೂರುತ್ತೇನೆ" ಎಂದು ಹೇಳಿ ನೋಡಿದೆ. "ಹಾಗಾದರೆ ನಾನೂ ಹಿಂದೆಯೇ ಬರ್ತೀನಿ ಬಿಡಿ" ಎಂದಳು. ನನ್ನ ಸೀಟಿನ 1,230 ಡಾಲರನ್ನು ನಿದ್ದೆಯ ಖಾತೆಗೆ ಬರೆದಿಲ್ಲ, ಸಂಸಾರದ ಖಾತೆಗೆ ಬರೆದಿದ್ದೇನೆ.

ಬರುವಾಗಿನ ಲೆಕ್ಕ ಚಿಕ್ಕದು. ಲಂಡನ್ನಿನಿಂದ ಮಧ್ಯಾಹ್ನ ಹೊರಡುವ ವಿಮಾನ ಅಂದೇ ಸಂಜೆ ಇಲ್ಲಿ ಇಳಿಯುತ್ತದೆ. ಎಂಟು ಗಂಟೆಯೂ ಹಗಲೇ. 1,350ನ್ನು ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಮೇಲಾಗಿ ಬ್ರಿಟನ್ ತನ್ನ ನೆಲದಿಂದ ಹೊರಡುವವರ ಮೇಲೆ ತೆರಿಗೆ ಹಾಕುತ್ತದೆ. 2025ರ ಏಪ್ರಿಲಿನಿಂದ ಒಂದು ವರ್ಷ, ನ್ಯೂಯಾರ್ಕಿನಷ್ಟು ದೂರಕ್ಕೆ ಎಕಾನಮಿಗೆ 90 ಪೌಂಡ್, ಅದಕ್ಕಿಂತ ಮೇಲಿನ ದರ್ಜೆಗಳಿಗೆ 216 ಪೌಂಡ್. ಪ್ರೀಮಿಯಂ ಎಕಾನಮಿಯೂ ಈ 216ರ ಸಾಲಿಗೇ ಸೇರುತ್ತದೆ. ಹಾಸಿಗೆ ಇರಲಿ ಬಿಡಲಿ, 126 ಪೌಂಡ್ ಹೆಚ್ಚು. ಬ್ರಿಟನ್ನಿಗೆ ಬಂದಿಳಿಯುವಾಗ ಈ ತೆರಿಗೆ ಇಲ್ಲ. ಲಂಡನ್ನಿನವರು ಡಬ್ಲಿನ್ನಿಗೆ ಹೋಗಿ ಅಲ್ಲಿಂದ ಅಮೆರಿಕದ ವಿಮಾನ ಹತ್ತುವುದು ಸುಮ್ಮನೆ ಅಲ್ಲ. ಐರ್ಲೆಂಡ್ ಇಂಥ ತೆರಿಗೆಯನ್ನು 2014ರಲ್ಲೇ ತೆಗೆದುಹಾಕಿತು.

ಯಾವ ವಿಮಾನ? ಹೆಸರಿಗಿಂತ ಸೀಟ್ ಮ್ಯಾಪ್ ಮುಖ್ಯ. ಬ್ರಿಟಿಷ್ ಏರ್‌ವೇಸ್ 2019ರಲ್ಲಿ ಬಾಗಿಲಿರುವ ಕ್ಲಬ್ ಸ್ವೀಟ್ ತಂದಿತು. ಅದರ ಹಳೆಯ ಸೀಟಿನಲ್ಲಿ ಕಿಟಕಿ ಕಡೆಯವರು ಎದ್ದು ಹೋಗಬೇಕಾದರೆ ಪಕ್ಕದವರ ಕಾಲು ದಾಟಬೇಕು. ಅದೇ ದುಡ್ಡಿಗೆ ಯಾವುದು ಸಿಗುತ್ತದೆ ಎಂಬುದು ಆ ದಿನದ ವಿಮಾನದ ಮೇಲೆ. ಜೆಟ್‌ಬ್ಲೂ 2021ರಿಂದ ಲಂಡನ್ನಿಗೆ ಹಾರುತ್ತಿದೆ. ಅದರ ಬಿಸಿನೆಸ್ ಕ್ಲಾಸಾದ ಮಿಂಟ್‌ನಲ್ಲಿ ದಾರಿಯ ಆಚೆ ಒಂದು, ಈಚೆ ಒಂದು ಸೀಟು. ಒಂಟಿ ಪ್ರಯಾಣಿಕರಿಗೆ ಹೇಳಿ ಮಾಡಿಸಿದ್ದು. ಪ್ಯಾರಿಸ್ಸಿಗೆ ಹೋಗುವವರು ನೆವಾರ್ಕ್‌ನಿಂದ ಹಾರುವ ಲಾ ಕಂಪನಿಯನ್ನೂ ನೋಡಬಹುದು, ಇಡೀ ವಿಮಾನವೇ ಬಿಸಿನೆಸ್ ಕ್ಲಾಸ್, 76 ಸೀಟು. ಐಸ್‌ಲ್ಯಾಂಡ್ಏರ್‌ನ ಸಾಗಾ ಕ್ಲಾಸ್ ಅಗ್ಗ ಕಂಡರೂ ಸೀಟು ಪೂರ್ತಿ ಮಲಗುವುದಿಲ್ಲ, ನನ್ನ ಲೆಕ್ಕಕ್ಕೆ ಅದು ಹೊರಗೆ. ಎಲ್ಲೇ ಹೋದರೂ ಹಾಸಿಗೆಯ ಪಾದದ ತುದಿ ನೋಡಿ. ಅನೇಕ ವಿಮಾನಗಳಲ್ಲಿ ಕಾಲು ಎದುರಿನ ಸೀಟಿನ ಕೆಳಗಿನ ಗೂಡಿಗೆ ಹೋಗುತ್ತದೆ. ಮಗ್ಗುಲು ಬದಲಿಸಿದರೆ ಮೊಣಕಾಲು ತಗುಲುತ್ತದೆ. ಸಾಲಿನ ಮೊದಲ ಸೀಟಿನಲ್ಲಿ ಈ ಗೂಡು ಸಾಮಾನ್ಯವಾಗಿ ಅಗಲ.

ಇನ್ನು ಪಾಯಿಂಟ್ಸ್. ಅಂಕಣ ಓದಿದವರೆಲ್ಲ ಕೇಳುವುದು ಇದೇ: "ಕಾರ್ಡ್ ಪಾಯಿಂಟಲ್ಲಿ ಫ್ರೀಯಾಗಿ ಹೋಗಬಹುದಿತ್ತಲ್ಲ ಸಾರ್?" ಫ್ರೀ! ನನ್ನ ಬಳಿಯ ಪಾಯಿಂಟ್ ಎಲ್ಲ ಸುರಿದು ಒಂದು ಕಂಪನಿಯಲ್ಲಿ ಎರಡೂ ಕಡೆಯ ಬಿಸಿನೆಸ್ ಸೀಟು ಹುಡುಕಿದರೆ, ಅದರ ಮೇಲೆ ತಲಾ ಸಾವಿರ ಡಾಲರಿಗೂ ಮಿಕ್ಕಿ ಸರ್‌ಚಾರ್ಜ್ ತೋರಿಸಿತು. ಹಾಲು ಪುಕ್ಕಟೆ, ಲೋಟಕ್ಕೆ ದುಡ್ಡು. ಆ ಪಾಯಿಂಟಿಗೆ ಬೆಲೆ ಕಟ್ಟುವವರೂ ಅವರೇ, ಇಳಿಸುವವರೂ ಅವರೇ. ಯಾವ ಊರಿಗೆ ಎಷ್ಟು ಮೈಲಿ ಎಂಬ ಪಟ್ಟಿಯನ್ನು ಡೆಲ್ಟಾ 2015ರಲ್ಲಿ ತೆಗೆಯಿತು, ಯುನೈಟೆಡ್ 2019ರಲ್ಲಿ ತೆಗೆಯಿತು. ಬೆಲೆಪಟ್ಟಿ ಇಲ್ಲದ ಅಂಗಡಿಯ ಚೀಟಿ ಕೂಡಿಡಲು ವರ್ಷಕ್ಕೆ ನೂರಾರು ಡಾಲರ್ ಕಾರ್ಡ್ ಫೀಸು ಕಟ್ಟುವವರನ್ನು ನೋಡಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಪಾಯಿಂಟ್ ಬಂದರೆ ಬರಲಿ, ಕೂಡಲೇ ಖರ್ಚು ಮಾಡಿ. ಅದಕ್ಕಾಗಿಯೇ ಬೇಡದ ಸಾಮಾನು ಕೊಳ್ಳಬೇಡಿ.

ಅದಕ್ಕಿಂತ ಉಪಯೋಗದ ಸಂಗತಿಯೊಂದಿದೆ. ಬಿಸಿನೆಸ್ ಟಿಕೆಟ್ ಕೊಂಡವರನ್ನು ಕಂಪನಿ ಕೆಳಗಿನ ದರ್ಜೆಗೆ ಇಳಿಸಿದರೆ, ಇಷ್ಟು ದೂರದ ಹಾರಾಟಕ್ಕೆ ಆ ಹಾರಾಟದ ಟಿಕೆಟ್ ಬೆಲೆಯ ಶೇ. 75ರಷ್ಟನ್ನು ವಾಪಸು ಕೊಡಬೇಕೆಂದು ಬ್ರಿಟನ್ ಮತ್ತು ಯುರೋಪಿನ ಕಾನೂನು ಹೇಳುತ್ತದೆ. ಆದರೆ ಅಮೆರಿಕದಿಂದ ಹೊರಟು ಹೋಗುವಾಗ ಇದು ಅನ್ವಯಿಸುವುದು ಬ್ರಿಟನ್, ಯುರೋಪಿನ ಕಂಪನಿಗಳ ವಿಮಾನಕ್ಕೆ ಮಾತ್ರ, ಅಮೆರಿಕದ ಕಂಪನಿಗಳದ್ದಕ್ಕಲ್ಲ. ಬೆಲೆ ಒಂದೇ ಆಗಿದ್ದರೆ ಯಾವ ಕಡೆ ವಾಲಬೇಕೆಂದು ಹೇಳಬೇಕಾಗಿಲ್ಲ. ಟಿಕೆಟ್ ಮಾರಿದ ಹೆಸರು ಬೇರೆ, ಹಾರಿಸುವ ಕಂಪನಿ ಬೇರೆ ಇರುವುದುಂಟು. ಕಾನೂನು ನೋಡುವುದು ಹಾರಿಸುವವರನ್ನು.

ಯುರೋಪಿನ ಮೇಲಿಂದ ಬೆಂಗಳೂರಿಗೆ ಹೋಗುವವರಿಗೂ ಇದೇ ಮಾತು. ಮೊದಲ ಹಾರಾಟ ಗಿಡ್ಡ ರಾತ್ರಿ, ಎರಡನೆಯದು ಬಹುತೇಕ ಹಗಲಲ್ಲಿ ಹೊರಟು ನಡುರಾತ್ರಿ ಕಳೆದ ಮೇಲೆ ಊರು ಮುಟ್ಟುವುದು. ಎರಡಕ್ಕೂ ಒಟ್ಟಿಗೆ ಹಾಸಿಗೆ ಕೊಳ್ಳುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಭಾಗಿಸಿ ನೋಡಿ.

ಬೆಲೆ ಹುಡುಕುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಇಳಿದ ದಿನ ನನಗೆ ಏನು ಕೆಲಸವಿದೆ? ಮಗನ ಮನೆಯ ಸೋಫಾ ಮೇಲೆ ಬೀಳುವುದೇ ಕೆಲಸವಾದರೆ ಎಕಾನಮಿ ಸಾಕು, ಮಿಕ್ಕ ದುಡ್ಡನ್ನು ಮೊಮ್ಮಗಳ ಹೆಸರಿನಲ್ಲಿ ಹಾಕಿ. ಮಂಟಪದಲ್ಲೋ ಮೀಟಿಂಗಿನಲ್ಲೋ ನಿಲ್ಲಬೇಕಿದ್ದರೆ ಆ ಒಂದು ರಾತ್ರಿಯನ್ನು ಕೊಳ್ಳಿ, ಊಟ ಬಿಟ್ಟು ಮಲಗಿ. ಭಾವನಿಗೂ ಇದನ್ನೇ ಹೇಳಿದ್ದೇನೆ. ಡಿಸೆಂಬರಿನಲ್ಲಿ ಅವರು ನಮ್ಮಲ್ಲಿಗೆ ಬರುವವರಿದ್ದಾರೆ, ಬರುವುದು ಹಗಲು, ಹೋಗುವುದು ರಾತ್ರಿ. ಎರಡೂ ಕಡೆಗೆ ಬಿಸಿನೆಸ್ಸೇ ಬುಕ್ ಮಾಡಿದ್ದಾರಂತೆ, ಪಾಯಿಂಟ್ಸ್ ಕೊಟ್ಟು.