ಇಲಿ ತಿಂದ ಬೆರಳು

ಬಾರೋ ಮರಿ, ಕೂತ್ಕೋ. ಫ್ಯಾಕ್ಟರಿ ಐಡಿ ಕಾರ್ಡು ಕೊರಳಿಗೆ ಹಾಕ್ಕೊಂಡು ಬೀದಿಯೆಲ್ಲ ಮೆರೆದು ಬಂದೆಯಂತೆ. ಒಪ್ಪುತ್ತೆ ಬಿಡು. ಇಎಸ್‌ಐ, ಅದೇ ಕಾರ್ಮಿಕರ ವಿಮೆಯ ನಂಬರು ಕೊಟ್ಟರಾ? ಮುಖ ನೋಡಿದರೇ ಗೊತ್ತಾಗುತ್ತೆ, ಕೇಳಿಯೇ ಇಲ್ಲ ನೀನು. ನಾಳೆ ಟೀ ಕುಡಿಯೋಕೆ ಮುಂಚೆ ಕೇಳು.

ನನ್ನ ಎಡಗೈ ತೋರುಬೆರಳಿಗೆ ತುದಿಯ ಗೆಣ್ಣಿಲ್ಲ. ಇಲಿ ತಿಂತು ಅಂದಿದ್ದೆ, ನೀನು ಆರು ವರ್ಷದವನಿದ್ದಾಗ ನಂಬಿದ್ದೆ. ತಿಂದದ್ದು ಪೀಣ್ಯದ ಒಂದು ಶೆಡ್ಡಿನ ಪವರ್ ಪ್ರೆಸ್ಸು. ಎರಡೂ ಕೈಯಲ್ಲಿ ಬಟನ್ ಒತ್ತಿದರಷ್ಟೇ ಇಳಿಯೋ ಪ್ರೆಸ್ಸು ಅದು. ಒಂದು ಬಟನ್ ಒತ್ತಿಕೊಂಡೇ ಇರಲಿ ಅಂತ ನಾನೇ ಕಪ್ಪು ಟೇಪು ಸುತ್ತಿದ್ದೆ. ನಾಲ್ಕು ಪೀಸು ಜಾಸ್ತಿ ಬರಲಿ ಅನ್ನೋ ಚಪಲ. ಸೂಪರ್‌ವೈಸರ್ ಕಂಡೂ ಕಾಣದ ಹಾಗೆ ಹೋದ. ಟಾರ್ಗೆಟ್ಟು ಅವನಿಗೂ ಇತ್ತಲ್ಲ. ಡೈಯಲ್ಲಿ ಪೀಸು ಓರೆಯಾಗಿ ಕೂತಿತು, ಸರಿ ಮಾಡೋಕೆ ಬೆರಳು ಹಾಕಿದೆ. ಆ ಕ್ಷಣಕ್ಕೆ ನೋವೇ ಆಗಲಿಲ್ಲ ಕಣೋ. ಕೈಗವಸಿನ ತುದಿ ಚಪ್ಪಟೆಯಾಗಿ ಡೈಗೆ ಅಂಟಿಕೊಂಡಿತ್ತು.

ಬೆರಳು ಹೋಗಿದ್ದು ಪ್ರೆಸ್ಸಿನಲ್ಲಿ. ನನ್ನ ಬುದ್ಧಿ ಹೋಗಿದ್ದು ಆಸ್ಪತ್ರೆಗೆ ಹೋಗೋ ಆಟೋದಲ್ಲಿ. ಪಕ್ಕ ಕೂತ ಮ್ಯಾನೇಜರು, "ಮನೆ ಬಾಗಿಲಿಗೆ ಸಿಕ್ಕಿತು ಅಂತ ಹೇಳಪ್ಪ, ಖರ್ಚೆಲ್ಲ ನಮ್ಮದು" ಅಂದರು. ಟೇಪು ಸುತ್ತಿದ ತಪ್ಪು ನನ್ನದೇ ಅಲ್ವಾ, ತಲೆ ತಗ್ಗಿಸಿ ಹಾಗೇ ಹೇಳಿದೆ. ಡಾಕ್ಟರು ಹಾಗೇ ಬರಕೊಂಡರು. ಕಂಪನಿಯವರು ಒಂದು ತಿಂಗಳು ವಿಚಾರಿಸಿದರು, ಆಮೇಲೆ ನನ್ನನ್ನ ಪ್ಯಾಕಿಂಗಿಗೆ ಹಾಕಿದರು, ಓಟಿ ನಿಂತಿತು. ಕೇಳೋಣ ಅಂದರೆ ಕಾಗದದಲ್ಲಿ ಇದ್ದದ್ದು ಬಾಗಿಲು.

ವರ್ಷಗಳಾದ ಮೇಲೆ ಯೂನಿಯನ್ನಿನವರೊಬ್ಬರು ಬಿಡಿಸಿ ಹೇಳಿದರು. ನಿಯಮ ಮುರಿದಾಗ ಆದ ಏಟಾದರೂ, ಕಂಪನಿ ಕೆಲಸಕ್ಕಾಗಿಯೇ ಹಾಗೆ ಮಾಡಿದ್ದರೆ ಇಎಸ್‌ಐ ಕೈಬಿಡಲ್ಲವಂತೆ. ನಾಚಿಕೊಂಡು ಕೆಟ್ಟೆ ನಾನು. ಕೆಲಸಕ್ಕೆ ಸೇರಿದ ಮೊದಲ ದಿನವೇ ಏಟು ಬಿದ್ದರೂ ಸರಿ, ವಾಸಿಯಾಗೋ ತನಕ ಕೂಲಿಯ ಶೇ 90 ಬರುತ್ತೆ. ಬೆರಳಿಗೂ ಬೆಲೆ ಕಟ್ಟಿಟ್ಟಿದ್ದಾರೆ. ಹೆಬ್ಬೆರಳು ಹೋದರೆ ದುಡಿಯೋ ಶಕ್ತಿ ಶೇ 30 ಹೋಯಿತು ಅಂತ ಲೆಕ್ಕ. ತೋರುಬೆರಳು ಪೂರ್ತಿ ಹೋದರೆ 14, ಕಿರುಬೆರಳಿಗೆ 7. ನನ್ನ ಈ ಒಂದು ಗೆಣ್ಣಿಗೆ 9. ಅದರ ಪ್ರಕಾರ ಬದುಕಿರೋ ತನಕ ಪಿಂಚಣಿಯಂಥದ್ದು ಬರಬೇಕಿತ್ತು. ಚಳಿಗಾಲದಲ್ಲಿ ಇಲ್ಲದ ಗೆಣ್ಣು ನೋಯುತ್ತಲ್ಲ, ಅದಕ್ಕೆ ಯಾವ ಪಟ್ಟಿಯಲ್ಲೂ ಲೆಕ್ಕವಿಲ್ಲ. ಅಂಗಿ ಗುಂಡಿ ಹಾಕೋಕೆ ನಿಮ್ಮಜ್ಜಿಯನ್ನ ಕೂಗ್ತಿದ್ದೆ. ಪ್ರೀತಿ ಅಂದುಕೊಂಡಿದ್ದಳು ಪಾಪ.

ಅದಕ್ಕೇ ಹೇಳ್ತೀನಿ. ಏಟು ಬಿದ್ದರೆ ಎಲ್ಲಿ, ಯಾವ ಮೆಷೀನಲ್ಲಿ, ಎಷ್ಟು ಗಂಟೆಗೆ ಅಂತ ಇದ್ದದ್ದನ್ನ ಇದ್ದ ಹಾಗೇ ಡಾಕ್ಟರಿಗೆ ಹೇಳು. ಅಪಘಾತದ ಪುಸ್ತಕದಲ್ಲಿ ಬರೆಸು. ಕಂಟ್ರಾಕ್ಟರ್ ಕಡೆಯವನು ಅಂತ ಯಾರಾದರೂ ದಬಾಯಿಸಿದರೆ ಬಗ್ಗಬೇಡ, ಕಂಟ್ರಾಕ್ಟ್ ಕೆಲಸಗಾರರಿಗೂ ಇದೇ ಕಾನೂನು. ಜೊತೆಯವನ ಬೆರಳು ತುಂಡಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಆ ಕವರನ್ನ ಐಸ್ ನೀರಿನಲ್ಲಿಟ್ಟು ಒಯ್ಯಿ. ಬೆರಳಿಗೆ ನೇರ ಐಸು ತಗುಲಬಾರದು.

ಏನೋ ಅದು, ಊಟದ ಡಬ್ಬಿ ಪಕ್ಕದಲ್ಲಿ? ಕಪ್ಪು ಟೇಪು ಯಾಕೋ ನಿನಗೆ? ಕೊಡು ಇಲ್ಲಿ.