ಎಚ್‌.ಪಿ. ಹೆಚ್ಚಾದರೆ ದೋಣಿ ಸುರಕ್ಷಿತವೇ? ‘ಸಾಮರ್ಥ್ಯ’ ಪಾಠದ ಒಂದು ಅನುಭವ

ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಘಟಕದಲ್ಲಿ ಸಾಮರ್ಥ್ಯದ ಪರಿಕಲ್ಪನೆ ಬರುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಎಚ್‌.ಪಿ. ಎಂಬ ಪದ ಪಠ್ಯಪುಸ್ತಕಕ್ಕಿಂತ ಮೊದಲೇ ಪಂಪ್‌ಸೆಟ್ಟಿನಿಂದ ಪರಿಚಯವಾಗಿರುತ್ತದೆ. ಬೋರ್‌ ಆಳವಾದಷ್ಟೂ ದೊಡ್ಡ ಮೋಟರ್‌ ಬೇಕು ಎಂಬುದು ಅವರ ಪೂರ್ವಜ್ಞಾನ. ಅದು ಸರಿಯೇ. ಆದರೆ ಅಲ್ಲಿಂದ ‘ಎಚ್‌.ಪಿ. ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬಲ್ಲಿಗೆ ಹಾರಿಬಿಡುತ್ತಾರೆ. ನಾವು ಕೊಡುವ ಲೆಕ್ಕಗಳೂ ‘ಎಷ್ಟು ಸಾಮರ್ಥ್ಯ ಬೇಕು?’ ಎಂದೇ ಕೇಳುತ್ತವೆ, ‘ಎಷ್ಟಾದರೆ ಅತಿಯಾಯಿತು?’ ಎಂದಲ್ಲ.

ನಾನು ಅಭ್ಯಾಸ ಪಾಠ ಮಾಡಿದ್ದು ಮುಂಡರಗಿ ತಾಲೂಕಿನ ತುಂಗಭದ್ರಾ ದಂಡೆಯ ಒಂದು ಪ್ರೌಢಶಾಲೆಯಲ್ಲಿ. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಮೀನು ಹಿಡಿಯುವ ಮನೆಗಳ ಮಕ್ಕಳು ತರಗತಿಯಲ್ಲಿದ್ದರು. ಅವರಲ್ಲೊಬ್ಬನ ತಂದೆ ಹರಿಗೋಲು ಬಿಟ್ಟು 12 ಅಡಿಯ ಅಲ್ಯೂಮಿನಿಯಂ ದೋಣಿ ಕೊಳ್ಳುವವರಿದ್ದರು. ಅದಕ್ಕೆ 15 ಎಚ್‌.ಪಿ.ಯ ಹಳೆಯ ಔಟ್‌ಬೋರ್ಡ್‌ ಮೋಟರ್‌ ಅಗ್ಗಕ್ಕೆ ಸಿಗುವಂತಿತ್ತು. “ಇಂಜಿನ್‌ ದೊಡ್ಡದಿದ್ರ ಸೆಳವಿನ್ಯಾಗ ಜೋರ್‌ ಬರ್ತೈತಿ, ಚಲೋ ಅಲ್ರಿ ಸರ?” ಎಂದು ಹುಡುಗ ಕೇಳಿದ. ಅರ್ಧ ತರಗತಿ ತಲೆಯಾಡಿಸಿತು. ತೊಡಗಿಸಿಕೊಳ್ಳುವ ಹಂತಕ್ಕೆ ನಾನು ಬರೆದುಕೊಂಡಿದ್ದ ಪ್ರಶ್ನೆಗಳನ್ನು ಬಿಟ್ಟು ಇದನ್ನೇ ಹಿಡಿದೆ.

ಅನ್ವೇಷಣೆಗೆ ಬೇಕಾದದ್ದು ಒಂದು ಬಕೆಟ್‌ ನೀರು, ಅಂಗಡಿಯ ಉದ್ದನೆಯ ಅಲ್ಯೂಮಿನಿಯಂ ಡಬ್ಬಿ, ಕೆಲವು ಕಲ್ಲುಗಳು. ಕಲ್ಲನ್ನು ಡಬ್ಬಿಯ ನಡುವೆ ಇಟ್ಟರೆ ಡಬ್ಬಿ ಸಮವಾಗಿ ತುಸು ಇಳಿಯುತ್ತದೆ. ಅದೇ ಕಲ್ಲನ್ನು ಹಿಂದಿನ ಅಂಚಿಗೆ ಸರಿಸಿದರೆ ಮುಂಭಾಗ ಎದ್ದು, ಹಿಂದಿನಿಂದ ನೀರು ಒಳಬರುತ್ತದೆ. ತೂಕ ಬದಲಾಗಿಲ್ಲ, ಜಾಗ ಬದಲಾಗಿದೆ. ಔಟ್‌ಬೋರ್ಡ್‌ ಮೋಟರ್‌ ಕೂರುವುದು ಸರಿಯಾಗಿ ಆ ಅಂಚಿನಲ್ಲೇ. 5 ಎಚ್‌.ಪಿ.ಯದು ಸುಮಾರು 25 ಕೆ.ಜಿ. ಇದ್ದರೆ 15 ಎಚ್‌.ಪಿ.ಯದು ಸುಮಾರು 50 ಕೆ.ಜಿ. ಅದನ್ನು ನಡೆಸುವವನೂ ಅಲ್ಲೇ ಕೂರುತ್ತಾನೆ. ವೇಗದಲ್ಲಿದ್ದು ತಟ್ಟನೆ ನಿಧಾನ ಮಾಡಿದರೆ ದೋಣಿ ಎಬ್ಬಿಸಿದ ಅಲೆಯೇ ಹಿಂದಿನಿಂದ ಬಂದು ಒಳಗೆ ಹಾರುತ್ತದೆ.

ಹಾಗಾದರೆ ಮಿತಿ ಎಷ್ಟು? ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟರ್‌ ದೋಣಿಗೆ ಗರಿಷ್ಠ ಎಚ್‌.ಪಿ. ಬರೆದ ಫಲಕವನ್ನು ತಯಾರಕರೇ ಹಚ್ಚಬೇಕು. ಆ ಲೆಕ್ಕ ಒಂಬತ್ತನೆಯವರಿಗೆ ಹೇಳಿ ಮಾಡಿಸಿದಂತಿದೆ. ದೋಣಿಯ ಉದ್ದವನ್ನು ಮೋಟರ್‌ ಸಿಕ್ಕಿಸುವ ಹಿಂಗೋಡೆಯ ಅಗಲದಿಂದ ಗುಣಿಸಬೇಕು, ಎರಡೂ ಅಡಿಯಲ್ಲಿ. ಗುಣಲಬ್ಧ 35ರವರೆಗೆ 3 ಎಚ್‌.ಪಿ., 36–39ಕ್ಕೆ 5, 40–42ಕ್ಕೆ 7.5, 43–45ಕ್ಕೆ 10, 46–52ಕ್ಕೆ 15. ತಳ ಚಪ್ಪಟೆಯಾಗಿ, ಅಂಚು ಚೂಪಾಗಿದ್ದರೆ ಒಂದು ಮೆಟ್ಟಿಲು ಇಳಿಸಬೇಕು.

ಹುಡುಗ ಹೇಳಿದ ದೋಣಿ ಚಪ್ಪಟೆ ತಳದ್ದು, ಹಿಂಗೋಡೆ ಮೂರೂವರೆ ಅಡಿ. 12 × 3.5 = 42, ಅಂದರೆ 7.5, ಒಂದು ಮೆಟ್ಟಿಲು ಇಳಿದರೆ 5 ಎಚ್‌.ಪಿ. ಸಿಗುವಂತಿದ್ದ ಮೋಟರು ಅದರ ಮೂರು ಪಟ್ಟು! ಅಗಲ 4 ಅಡಿಯಾದರೆ ಏನಾಗುತ್ತದೆಂದು ಒಬ್ಬ ಹುಡುಗಿ ತಾನಾಗಿ ಲೆಕ್ಕ ಹಾಕಿದಳು: 48, ಅಂದರೆ 15, ಇಳಿಸಿದರೆ 10. ಅರ್ಧ ಅಡಿ ಅಗಲಕ್ಕೆ ಮಿತಿ ಇಮ್ಮಡಿ. ಆದ್ದರಿಂದ ಅಂದಾಜು ಬೇಡ, ಟೇಪು ಹಿಡಿದೇ ಅಳೆಯಬೇಕು ಎಂಬುದು ಅವಳ ಮಾತು. ಫಲಕ ಇರುವ ದೋಣಿಗೆ ಫಲಕದ ಅಂಕಿಯೇ ಕೊನೆ ಎಂದು ನಾನು ಸೇರಿಸಿದೆ.

ಸೆಳವಿನ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ನೀರನ್ನು ಸೀಳಿಕೊಂಡು ಹೋಗುವ 12 ಅಡಿ ದೋಣಿಯ ವೇಗ ಗಂಟೆಗೆ ಸುಮಾರು 8.5 ಕಿ.ಮೀ.ಗೆ ನಿಲ್ಲುತ್ತದೆ. 5 ಎಚ್‌.ಪಿ. ಎಂದರೆ 5 × 746 = 3730 ವ್ಯಾಟ್‌; ಬಲೆ ಹಾಕುವ ಕೆಲಸಕ್ಕೆ ಅದು ಧಾರಾಳ. ಅದಕ್ಕಿಂತ ವೇಗ ಬೇಕೆಂದರೆ ದೋಣಿ ತನ್ನದೇ ಅಲೆಯನ್ನು ಹತ್ತಬೇಕು, ಮೂತಿ ಏಳುತ್ತದೆ, ತಿರುವಿನಲ್ಲಿ ವಾಲುತ್ತದೆ. ಬ್ಯಾರೇಜಿನ ಗೇಟು ತೆರೆದು ಸೆಳವು ಅದನ್ನೂ ಮೀರಿದ ದಿನ ದೋಣಿ ದಂಡೆಯಲ್ಲೇ ಇರಬೇಕು. ಅದಕ್ಕೆ ದೊಡ್ಡ ಮೋಟರ್‌ ಪರಿಹಾರವಲ್ಲ. ಇದನ್ನು ನಾನು ಎರಡು ಸಲ ಹೇಳಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಪ್ರವಾಹದ ಸುದ್ದಿಯಲ್ಲಿ ಕಂಡ ರಕ್ಷಣಾ ದೋಣಿಗಳನ್ನು ಮಕ್ಕಳು ನೆನಪಿಸಿದರು. ಗಾಳಿ ತುಂಬಿದ ಕೊಳವೆಗಳ ರಬ್ಬರ್‌ ದೋಣಿಯ ಲೆಕ್ಕವೇ ಬೇರೆ, ತರಬೇತಾದ ಸಿಬ್ಬಂದಿಯೂ ಇರುತ್ತಾರೆ ಎಂದಷ್ಟೇ ಹೇಳಿ ಮುಂದುವರಿದೆ.

ಮೌಲ್ಯಮಾಪನಕ್ಕೆ ಮನೆಯ ಅಳತೆಯನ್ನೇ ಕೊಟ್ಟೆ: ದೋಣಿಯ ಉದ್ದ, ಹಿಂಗೋಡೆಯ ಅಗಲ, ತಳದ ಆಕಾರ ಬರೆದು, ಮಿತಿಯನ್ನು ತಂದೆಯವರಿಗೆ ಓದಿಹೇಳುವುದು. ಶಿರಹಟ್ಟಿ ತಾಲೂಕಿನ ಹೊಳೆ ಇಟಗಿಯಂಥ ನದಿ ಬದಿಯ ಊರುಗಳಲ್ಲಿ ಇದೇ ಪಾಠ ಹೀಗೆಯೇ ನಡೆದೀತು. ಲಕ್ಷ್ಮೇಶ್ವರದಲ್ಲಿ, ಗದಗಿನಲ್ಲಿ ದೋಣಿ ದೂರದ ಮಾತು. ಬೆಟಗೇರಿಯ ನೇಕಾರರ ಮಕ್ಕಳಿಗಾದರೆ ನಾನು ಪವರ್‌ಲೂಮಿನ ಮೋಟರಿನಿಂದ ಶುರು ಮಾಡುತ್ತೇನೆ: ಮಗ್ಗ ತಾಳುವುದಕ್ಕಿಂತ ದೊಡ್ಡ ಮೋಟರ್‌ ಕೂಡಿಸಿದರೆ ಮೊದಲು ಏನು ಮುರಿಯುತ್ತದೆ ಎಂದು ಅವರನ್ನೇ ಕೇಳಬಹುದು.